ಅಂಜೂರ ಬೆಳೆಸುವುದು, ಸವರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳದ ತೋಟಗಳಿಂದ ಹಿಡಿದು ಬೆಂಗಳೂರಿನ ತಾರಸಿಯವರೆಗೆ ಅಂಜೂರ ಬೆಳೆಯುವವರಿದ್ದಾರೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಒಂದು ಕಾಲಕ್ಕೆ ಈ ಹಣ್ಣಿಗೇ ಹೆಸರಾದ ಊರು. ಕೇಳಿಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕತ್ತರಿಯ ಸುತ್ತಲೇ, ಅಂದರೆ ಕೊಂಬೆ ಸವರುವುದರ (ಪ್ರೂನಿಂಗ್) ಸುತ್ತಲೇ ಇರುವುದರಿಂದ ಅದರಿಂದಲೇ ಶುರುಮಾಡಿದ್ದೇವೆ.

ಗಿಡ ಹುಲುಸಾಗಿದೆ, ಆಳೆತ್ತರ ದಾಟಿದೆ, ಆದರೆ ಹಣ್ಣು ಅಲ್ಲೊಂದು ಇಲ್ಲೊಂದು. ಯಾಕೆ?

ಅಂಜೂರದ ಮುಖ್ಯ ಫಸಲು ಬರುವುದು ಹೊಸ ಚಿಗುರಿನಲ್ಲಿ. ಚಿಗುರು ಉದ್ದವಾದಂತೆ ಒಂದೊಂದು ಎಲೆಯ ಕಂಕುಳಲ್ಲೂ ಒಂದೊಂದು ಕಾಯಿ ಕೂರುತ್ತದೆ. ಹಳೆಯ ಕೊಂಬೆಯಲ್ಲೂ ಕೆಲವು ಕಾಯಿ ಬರುವುದುಂಟು, ಆದರೆ ಅವನ್ನು ನಂಬಿಕೊಂಡು ತೋಟ ಮಾಡಲಾಗದು. ಸವರದೆ ಬಿಟ್ಟ ಗಿಡದಲ್ಲಿ ತುದಿಯ ಮೊಗ್ಗು ಮಾತ್ರ ಓಡುತ್ತದೆ, ಕೆಳಗಿನ ಮೊಗ್ಗುಗಳು ಮಲಗಿರುತ್ತವೆ. ಅಂದರೆ ಹೊಸ ಚಿಗುರುಗಳ ಸಂಖ್ಯೆಯೇ ಕಡಿಮೆ, ಹಣ್ಣೂ ಅಷ್ಟೇ. ಇದರ ಜೊತೆ ಯೂರಿಯಾ ಜಾಸ್ತಿಯಾಗಿದ್ದರೆ ಅಥವಾ ದಿನಕ್ಕೆ ಆರು ತಾಸಿಗಿಂತ ಕಡಿಮೆ ಬಿಸಿಲಿದ್ದರೆ ಎಲೆ ಅಗಲವಾಗುತ್ತದೆ, ಗೆಣ್ಣಿಗೂ ಗೆಣ್ಣಿಗೂ ಅಂತರ ಹೆಚ್ಚುತ್ತದೆ, ಕಾಯಿ ಕೂರುವುದಿಲ್ಲ.

ಯಾವ ತಿಂಗಳು ಸವರಬೇಕು?

ಹಣ್ಣು ಯಾವಾಗ ಬೇಕು ಎಂದು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಸವರಿದ 10–15 ದಿನಕ್ಕೆ ಮೊಗ್ಗು ಒಡೆಯುತ್ತದೆ. ಸುಮಾರು 35–40 ದಿನಕ್ಕೆ ಎಲೆಯ ಬುಡದಲ್ಲಿ ಕಡಲೆಕಾಳಿನಂಥ ಕಾಯಿ ಕಾಣುತ್ತದೆ. ಮೊದಲ ಹಣ್ಣು ಕೈಗೆ ಬರಲು ಸವರಿದಲ್ಲಿಂದ ನಾಲ್ಕರಿಂದ ನಾಲ್ಕೂವರೆ ತಿಂಗಳು ಬೇಕು, ಆಮೇಲೆ ಎರಡು ತಿಂಗಳ ಆಸುಪಾಸು ಕೊಯ್ಲು ನಡೆಯುತ್ತದೆ.

ಹಣ್ಣಾಗುವ ಹೊತ್ತಿಗೆ ಮಳೆ ಇರಬಾರದು, ಇದೊಂದೇ ನಿಯಮ. ನಮ್ಮ ಬಯಲುಸೀಮೆಯಲ್ಲಿ ಮಳೆ ಅಕ್ಟೋಬರ್‌ವರೆಗೂ ಎಳೆಯುವುದರಿಂದ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಸವರುವುದೇ ಸರಿ. ಹಾಗೆ ಮಾಡಿದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಣಹವೆಯಲ್ಲಿ ಹಣ್ಣು ಸಿಗುತ್ತದೆ, ಸಿಹಿಯೂ ತುಂಬಿರುತ್ತದೆ. ಮಹಾರಾಷ್ಟ್ರದ ಪುರಂದರ ಕಡೆಯ ಬೆಳೆಗಾರರು ಇದನ್ನೇ ‘ಮೀಠಾ ಬಹಾರ್’ (ಸಿಹಿ ಫಸಲು) ಎನ್ನುತ್ತಾರೆ. ಮೇ–ಜೂನ್‌ನಲ್ಲಿ ಸವರಿ ಮಳೆಗಾಲದ ಕೊನೆಗೆ ಹಣ್ಣು ಪಡೆಯುವುದು ‘ಖಟ್ಟಾ ಬಹಾರ್’ (ಹುಳಿ ಫಸಲು). ಹೆಸರೇ ಹೇಳುವಂತೆ ಸಿಹಿ ಕಡಿಮೆ, ತುಕ್ಕು ರೋಗದ ಕಾಟ ಹೆಚ್ಚು. ಮಾರುಕಟ್ಟೆಯಲ್ಲಿ ಹಣ್ಣಿಲ್ಲದ ಹೊತ್ತಿಗೆ ಬರುವುದರಿಂದ ದರ ಸಿಗಬಹುದು. ಆದರೂ ಔಷಧಿ ಹೊಡೆಯಲು ಆಳು, ಪಂಪು ಎರಡೂ ಸಿದ್ಧವಿಲ್ಲದವರು ಅದಕ್ಕೆ ಕೈ ಹಾಕಬೇಡಿ.

ಬೀದರ್, ಬೆಳಗಾವಿ ಕಡೆ ಡಿಸೆಂಬರ್ ಚಳಿಯಲ್ಲಿ ಮೊಗ್ಗು ನಿಧಾನವಾಗಿ ಒಡೆಯುತ್ತದೆ. ಅಲ್ಲಿ ಅಕ್ಟೋಬರ್ ದಾಟಿಸದಿರುವುದು ಮೇಲು.

ಸವರುವ ಕೆಲಸ ಹೇಗೆ? ಹಂತ ಹಂತವಾಗಿ ಹೇಳಿ.

ಮೊದಲು ನೀರು ನಿಲ್ಲಿಸಬೇಕು. ಕಪ್ಪು ಮಣ್ಣಾದರೆ ಸವರುವ ನಾಲ್ಕು ವಾರ ಮುಂಚೆ, ಕೆಂಪು ಅಥವಾ ಮರಳು ಮಿಶ್ರಿತ ಮಣ್ಣಾದರೆ ಎರಡು ಮೂರು ವಾರ ಮುಂಚೆ. ಎಲೆ ಹಳದಿಯಾಗಿ ಅರ್ಧದಷ್ಟು ಉದುರಿದರೆ ಗಿಡ ವಿಶ್ರಾಂತಿಗೆ ಹೋಗಿದೆ ಎಂದರ್ಥ. ಕೊಂಬೆಯಲ್ಲಿ ಆಹಾರ ಕೂಡಿಟ್ಟುಕೊಳ್ಳುವುದು ಆಗಲೇ. ಈ ವಿಶ್ರಾಂತಿ ತಪ್ಪಿಸಿದರೆ ಚಿಗುರು ಒಟ್ಟಿಗೆ ಬಾರದೆ ಹಿಂದೆಮುಂದೆ ಬರುತ್ತದೆ, ಕೊಯ್ಲೂ ಎಳೆದಾಡುತ್ತದೆ.

ಹೆಬ್ಬೆರಳಿಗಿಂತ ತೆಳುವಾದ ಕಡ್ಡಿಗೆ ಸವರುವ ಕತ್ತರಿ ಸಾಕು, ದಪ್ಪ ಕೊಂಬೆಗೆ ಗರಗಸವೇ ಬೇಕು. ಮಚ್ಚಿನಲ್ಲಿ ಕೊಚ್ಚಬೇಡಿ. ಸೀಳಿದ ತೊಗಟೆ ಮಾಯುವುದಿಲ್ಲ, ಕಾಂಡ ಕೊರೆಯುವ ಹುಳಕ್ಕೆ ಅದೇ ಬಾಗಿಲು. ರೋಗ ಇರುವ ಗಿಡ ಸವರಿದ ಮೇಲೆ ಕತ್ತರಿಯ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನ ಗಿಡಕ್ಕೆ ಹೋಗಿ.

ಕತ್ತರಿಸುವ ಕ್ರಮ ಹೀಗೆ: ಒಣಗಿದ್ದು, ರೋಗದ್ದು, ಬುಡದಿಂದ ಎದ್ದ ಕಳ್ಳ ಚಿಗುರು ಮೊದಲು ಹೋಗಬೇಕು. ಆಮೇಲೆ ಒಂದಕ್ಕೊಂದು ಉಜ್ಜುವ, ಗಿಡದ ಒಳಮುಖಕ್ಕೆ ಬೆಳೆದ ಕೊಂಬೆಗಳು. ಉಳಿದದ್ದು ಕಳೆದ ವರ್ಷ ಹಣ್ಣು ಕೊಟ್ಟ ಕಡ್ಡಿಗಳು; ಅವುಗಳ ಬುಡದಲ್ಲಿ 2ರಿಂದ 4 ಕಣ್ಣು (ಮಲಗಿರುವ ಮೊಗ್ಗು) ಬಿಟ್ಟು ಮೇಲಿನದನ್ನೆಲ್ಲ ತೆಗೆಯಿರಿ. ಪೆನ್ಸಿಲ್‌ನಷ್ಟು ತೆಳುವಾದದ್ದಕ್ಕೆ ಎರಡೇ ಕಣ್ಣು, ದಪ್ಪಗೆ ಬಲಿತದ್ದಕ್ಕೆ ನಾಲ್ಕು. ಕೊನೆಯ ಕಣ್ಣು ಹೊರಮುಖವಾಗಿರಲಿ. ಅದರಿಂದ ಒಂದು ಸೆಂ.ಮೀ. ಮೇಲೆ, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಿ. ಮೂರು ಇಂಚಿನ ಮೊಟಕು ಬಿಟ್ಟರೆ ಅದು ಒಣಗುತ್ತಾ ಕೆಳಗಿಳಿದು ಒಳ್ಳೆಯ ಕಣ್ಣನ್ನೂ ಕೊಲ್ಲುತ್ತದೆ.

ಬೆರಳಿಗಿಂತ ದಪ್ಪದ ಗಾಯಗಳಿಗೆಲ್ಲ ಅದೇ ದಿನ ಬೋರ್ಡೋ ಮುಲಾಮು ಹಚ್ಚಬೇಕು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಮೈಲುತುತ್ತ, ಸುಣ್ಣ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಸೇರಿಸಿ. ಕಬ್ಬಿಣದ ಪಾತ್ರೆ ಕೂಡದು. ಮರುದಿನ ಇಡೀ ಗಿಡಕ್ಕೆ ಶೇ. 1ರ ಬೋರ್ಡೋ ದ್ರಾವಣ (ತಲಾ 1 ಕಿಲೋ, 100 ಲೀಟರ್ ನೀರಿಗೆ) ಹೊಡೆಯಿರಿ. ಕತ್ತರಿಸಿದ ಕಡ್ಡಿ, ಉದುರಿದ ಎಲೆ ತೋಟದಲ್ಲಿ ಉಳಿಯಬಾರದು.

ಅಂಜೂರದ ಹಾಲು ಚರ್ಮಕ್ಕೆ ತಾಕಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಂಡೇ ಕೆಲಸಕ್ಕೆ ಇಳಿಯಿರಿ; ಆಳುಗಳಿಗೂ ಕೊಡಿ.

ಇಷ್ಟು ಬೋಳು ಮಾಡಿದರೆ ಗಿಡ ಸಾಯುವುದಿಲ್ಲವೇ?

ಬೇರು ಆರೋಗ್ಯವಾಗಿದ್ದರೆ ಸಾಯುವುದಿಲ್ಲ. ನೋಡಿದವರಿಗೆ ಎದೆ ಝಲ್ಲೆನ್ನುವುದು ನಿಜ, ಒಂದು ತಿಂಗಳು ಕಾದರೆ ಉತ್ತರ ಗಿಡವೇ ಹೇಳುತ್ತದೆ. ಹಲವು ವರ್ಷ ಸವರದೆ ಬಿಟ್ಟ ಹಳೆಯ ಮರವನ್ನು ಮಾತ್ರ ಒಮ್ಮೆಗೇ ಇಳಿಸಬೇಡಿ. ಮೊದಲ ವರ್ಷ ಮೂರನೇ ಒಂದು ಭಾಗದ ದೊಡ್ಡ ಕೊಂಬೆ, ಮರುವರ್ಷ ಇನ್ನೊಂದು ಭಾಗ, ಹೀಗೆ ಮೂರು ವರ್ಷದಲ್ಲಿ ಹೊಸದಾಗಿಸಿ. ಒಮ್ಮೆಗೇ ನೆರಳು ಹೋದ ಹಳೆಯ ಕಾಂಡಕ್ಕೆ ಬಿಸಿಲು ನೇರವಾಗಿ ಹೊಡೆದು ತೊಗಟೆ ಸೀಳುತ್ತದೆ. ಹಾಗೆ ತೆರೆದುಕೊಂಡ ಕಾಂಡಕ್ಕೆ ಸುಣ್ಣ ಬಳಿಯಿರಿ.

ಚಿಗುರು ಬಂದಮೇಲೆ ಏನು ಮಾಡಬೇಕು?

ಸವರುವುದರಷ್ಟೇ ಮುಖ್ಯವಾದ ಕೆಲಸ ಇದು, ಬಹಳ ಜನ ಮರೆಯುವುದೂ ಇದನ್ನೇ. ಚಿಗುರು ಒಂದು ಗೇಣು ಬಂದಾಗ ಪ್ರತಿ ಕಡ್ಡಿಯಲ್ಲಿ ಬಲವಾದ ಒಂದು ಅಥವಾ ಎರಡನ್ನು ಉಳಿಸಿ ಉಳಿದದ್ದನ್ನು ಕೈಯಲ್ಲೇ ಮುರಿಯಿರಿ. ನಾಲ್ಕೈದು ವರ್ಷದ ಗಿಡಕ್ಕೆ ಒಟ್ಟು 25–35 ಚಿಗುರು ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಒಳಗೆ ಗಾಳಿಯಾಡದೆ ತುಕ್ಕು ಹತ್ತುತ್ತದೆ, ಹಣ್ಣು ನೆಲ್ಲಿಕಾಯಿ ಗಾತ್ರಕ್ಕೇ ನಿಲ್ಲುತ್ತದೆ.

ಕೊಂಬೆ ಉದ್ದಕ್ಕೆ ಹೋಗಿದೆ, ಪಕ್ಕದ ಕಣ್ಣುಗಳು ಒಡೆಯುತ್ತಲೇ ಇಲ್ಲ. ಬೇರೆ ಉಪಾಯ ಇದೆಯೇ?

ಕಣ್ಣಿನ ಮೇಲೆ ಕಚ್ಚು ಹಾಕಬಹುದು. ಸುಮಾರು ಎಂಟು ತಿಂಗಳು ಬಲಿತ ಕೊಂಬೆಯಲ್ಲಿ, ಮಲಗಿರುವ ಕಣ್ಣಿನ ಸ್ವಲ್ಪ ಮೇಲೆ, ಎರಡೂವರೆ ಸೆಂ.ಮೀ. ಉದ್ದ, ಒಂದು ಸೆಂ.ಮೀ. ಅಗಲಕ್ಕೆ ತೊಗಟೆಯನ್ನೂ ಅದರಡಿಯ ತೆಳು ಪದರವನ್ನೂ ಓರೆಯಾಗಿ ತೆಗೆಯಬೇಕು. ತುದಿಯಿಂದ ಇಳಿದು ಬರುವ ‘ನೀನು ಮಲಗಿರು’ ಎಂಬ ಸಂಕೇತ ಅಲ್ಲಿಗೆ ತುಂಡಾಗಿ ಕಣ್ಣು ಒಡೆಯುತ್ತದೆ. ಒಂದು ಕೊಂಬೆಗೆ ಮೂರು ನಾಲ್ಕು ಕಚ್ಚು, ಅಷ್ಟೇ. ಪಶ್ಚಿಮ ಭಾರತದ ತೋಟಗಳಲ್ಲಿ ಜುಲೈ ಹೊತ್ತಿಗೆ ಮಾಡುವ ಕೆಲಸ ಇದು. ಕಚ್ಚು ಕಣ್ಣಿನ ಕೆಳಗೆ ಬಿದ್ದರೆ ಪ್ರಯೋಜನವಿಲ್ಲ.

ಹೊಸ ಗಿಡಕ್ಕೆ ಯಾವ ಆಕಾರ ಕೊಡಬೇಕು?

ನೆಟ್ಟ ಗಿಡವನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ ಚಿವುಟಿ. ಬರುವ ಚಿಗುರಿನಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ 3–4 ಉಳಿಸಿ. ಒಂದೇ ಜಾಗದಿಂದ ಕವಲೊಡೆದರೆ ಹಣ್ಣಿನ ಭಾರಕ್ಕೆ ಸೀಳುತ್ತದೆ, ಹಾಗಾಗಿ ಒಂದಕ್ಕೊಂದು ಅರ್ಧ ಗೇಣು ಅಂತರ ಇರಲಿ. ಮರುವರ್ಷ ಈ ಕೊಂಬೆಗಳನ್ನು ಎರಡಡಿಗೆ ಕತ್ತರಿಸಿದರೆ ಒಂದೊಂದೂ ಎರಡಾಗುತ್ತದೆ. ಅಲ್ಲಿಗೆ ಚೌಕಟ್ಟು ಮುಗಿಯಿತು, ಮುಂದೆ ಪ್ರತಿ ವರ್ಷ ಅದರ ಮೇಲಿನ ಕಡ್ಡಿಗಳನ್ನಷ್ಟೇ ಸವರುವುದು. ಎತ್ತರ ಆರೇಳು ಅಡಿ ದಾಟಿಸಬೇಡಿ. ಏಣಿ ಹಾಕಿ ಕೊಯ್ಯುವ ಅಂಜೂರ ಅರ್ಧ ಹಕ್ಕಿಗಳ ಪಾಲು. ಕಾಂಡ ಕೊರಕದ ಹಾವಳಿ ಇರುವ ಕಡೆ ನೆಲಮಟ್ಟದಿಂದಲೇ ಎರಡು ಮೂರು ಕಾಂಡ ಬಿಡುವುದು ಜಾಣತನ, ಒಂದು ಹೋದರೂ ಗಿಡ ಉಳಿಯುತ್ತದೆ.

ಯಾವ ತಳಿ?

ಪೂನಾ ಅಂಜೂರ: ಗಂಟೆಯಾಕಾರ, ತೆಳು ನೇರಳೆ ಸಿಪ್ಪೆ, ಗುಲಾಬಿ ತಿರುಳು, ಹಸಿಯಾಗಿ ತಿನ್ನಲು ಒಳ್ಳೆಯದು. ದಿನಕರ್ ದೌಲತಾಬಾದ್ ತಳಿಯ ಸುಧಾರಿತ ರೂಪ. ಡಯಾನಾ ಕ್ಯಾಲಿಫೋರ್ನಿಯಾದಿಂದ ಬಂದದ್ದು. ದೊಡ್ಡ ಗಾತ್ರ, ಹಣ್ಣಾದಾಗ ಹೊಂಬಣ್ಣ, ಒಣಗಿಸಲೂ ಬರುತ್ತದೆ. ಕರ್ನಾಟಕದ ಹೊಸ ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮನೆಯ ಕುಂಡಕ್ಕೆ ಬ್ರೌನ್ ಟರ್ಕಿ ಹೊಂದುತ್ತದೆ. ‘ಸ್ಮಿರ್ನಾ’ ಗುಂಪಿನ ಗಿಡ ಮಾತ್ರ ಎಷ್ಟೇ ಹೊಗಳಿದರೂ ಕೊಳ್ಳಬೇಡಿ, ಕಾರಣ ಕೆಳಗಿದೆ.

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ. ಅಂಜೂರದಲ್ಲೂ ಹುಳ ಇರುತ್ತದೆಯೇ? ಸಸ್ಯಾಹಾರಿಗಳು ತಿನ್ನಬಹುದೇ?

ಎರಡೂ ಒಂದೇ ಕುಲದ ಮರಗಳು. ನಾವು ಹಣ್ಣು ಎನ್ನುವುದು ಎರಡರಲ್ಲೂ ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ಅತ್ತಿಯಲ್ಲಿ ಪುಟ್ಟ ಕಣಜವೊಂದು ತಳದ ಕಣ್ಣಿನಿಂದ (ಹಣ್ಣಿನ ತುದಿಯ ಪುಟ್ಟ ರಂಧ್ರ) ಒಳಹೊಕ್ಕು ಪರಾಗಸ್ಪರ್ಶ ಮಾಡಿ ಅಲ್ಲೇ ಮೊಟ್ಟೆಯಿಡುತ್ತದೆ. ನಮ್ಮಲ್ಲಿ ಬೆಳೆಯುವ ಪೂನಾ, ಡಯಾನಾ, ಬ್ರೌನ್ ಟರ್ಕಿ ತಳಿಗಳು ಪರಾಗಸ್ಪರ್ಶವೇ ಇಲ್ಲದೆ ಹಣ್ಣಾಗುವಂಥವು, ಕಣಜದ ಹಂಗಿಲ್ಲ. ನಿಶ್ಚಿಂತೆಯಿಂದ ತಿನ್ನಿ. ಟರ್ಕಿಯಲ್ಲಿ ಒಣಹಣ್ಣಿಗೆ ಬೆಳೆಯುವ ಸ್ಮಿರ್ನಾ ಗುಂಪಿಗೆ ಗಂಡು ಅಂಜೂರದ ಮರವೂ ಅದರ ಕಣಜವೂ ಬೇಕೇ ಬೇಕು. ಅತ್ತಿಯ ಕಣಜ ಆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ತೋಟದಲ್ಲಿ ನೆಟ್ಟ ಸ್ಮಿರ್ನಾ ಗಿಡದ ಕಾಯಿಗಳು ಗೋಲಿ ಗಾತ್ರಕ್ಕೆ ಬಂದು ಎಲ್ಲವೂ ಉದುರುತ್ತವೆ.

ಕಡ್ಡಿ ನೆಟ್ಟು ಗಿಡ ಮಾಡುವುದು ಹೇಗೆ?

ಸವರಿದಾಗ ಸಿಕ್ಕ, ಒಂದು ವರ್ಷ ಬಲಿತ, ಪೆನ್ಸಿಲ್‌ಗಿಂತ ತುಸು ದಪ್ಪದ ಕಡ್ಡಿಯಿಂದ 20–25 ಸೆಂ.ಮೀ. ತುಂಡು ಮಾಡಿ, 4 ಕಣ್ಣಾದರೂ ಇರಲಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ನೇರವಾಗಿ, ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಹಾಲು ಒಣಗಲು ಒಂದು ದಿನ ನೆರಳಲ್ಲಿಟ್ಟು, ಬೇರು ಬರಿಸುವ ಪುಡಿಗೆ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ ತುಂಬಿದ ಚೀಲದಲ್ಲಿ ಎರಡು ಕಣ್ಣು ಒಳಗೆ ಹೋಗುವಂತೆ ನೆಡಿ. ಎಲೆ ಬಂದದ್ದು ನೋಡಿ ಬೇರು ಬಂತೆಂದು ಎಳೆಯಬೇಡಿ. ಕಡ್ಡಿಯಲ್ಲಿದ್ದ ಆಹಾರದಿಂದಲೇ ಮೊದಲ ಎಲೆ ಬರುತ್ತದೆ, ಬೇರಿಗೆ ಇನ್ನೂ ಒಂದು ತಿಂಗಳು ಬೇಕಾಗಬಹುದು. ಹೆಚ್ಚಿನ ಕಡ್ಡಿಗಳು ಸಾಯುವುದು ಈ ಹೊತ್ತಿನಲ್ಲಿ ಅತಿಯಾಗಿ ನೀರು ಹಾಕಿ ಬುಡ ಕೊಳೆತು.

ಎಲೆಯಲ್ಲಿ ಹಳದಿ ಮಚ್ಚೆ, ಆಕಾರಗೆಟ್ಟ ಅಂಚು ಇರುವ ತಾಯಿಗಿಡದಿಂದ ಕಡ್ಡಿ ತೆಗೆಯಬೇಡಿ. ಅದು ಮೊಸಾಯಿಕ್ ನಂಜುರೋಗ, ಕಡ್ಡಿಯ ಜೊತೆಗೇ ಬರುತ್ತದೆ, ಔಷಧಿಯಿಲ್ಲ.

ಮಣ್ಣು, ಅಂತರ, ಗುಂಡಿ?

ನೀರು ಬಸಿದು ಹೋಗುವ, ಸುಣ್ಣದಂಶ ಇರುವ, ಒಂದು ಮೀಟರ್ ಆಳದ ಮಣ್ಣು ಒಳ್ಳೆಯದು. ತುಸು ಚೌಳನ್ನು ಅಂಜೂರ ತಾಳಿಕೊಳ್ಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಕಪ್ಪು ಮಣ್ಣಾದರೆ ಒಂದೂವರೆ ಅಡಿ ಎತ್ತರದ ಏರು ಮಾಡಿ ಅದರ ಮೇಲೆ ನೆಡಿ. 5 ಮೀಟರ್ ಚೌಕದಲ್ಲಿ ಎಕರೆಗೆ 160 ಗಿಡ, 4 ಮೀಟರ್‌ನಲ್ಲಿ 250 ಹಿಡಿಯುತ್ತವೆ. ಪ್ರತಿ ವರ್ಷ ತಪ್ಪದೆ ಸವರುವವರು 4 ಮೀಟರ್ ಇಡಬಹುದು. ಗುಂಡಿ ಎರಡಡಿ ಉದ್ದ, ಅಗಲ, ಆಳ. ಮೇಲ್ಮಣ್ಣಿಗೆ 15–20 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 1 ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಮನೆಯಂಗಳದಲ್ಲಾದರೆ ಗೋಡೆ, ಚರಂಡಿ ಪೈಪಿನಿಂದ ಹತ್ತು ಹನ್ನೆರಡು ಅಡಿ ದೂರವಿರಲಿ, ಇದರ ಬೇರು ನೀರಿನ ಜಾಡು ಹಿಡಿದು ಹೋಗುತ್ತದೆ.

ಗೊಬ್ಬರ ಎಷ್ಟು?

ಸವರಿದ ವಾರದಲ್ಲಿ ದೊಡ್ಡ ಗಿಡಕ್ಕೆ 20–25 ಕಿಲೋ ಕೊಟ್ಟಿಗೆ ಗೊಬ್ಬರ, 1–2 ಕಿಲೋ ಬೇವಿನ ಹಿಂಡಿ ಕೊಟ್ಟು ಮಣ್ಣು ಮುಚ್ಚಿ ನೀರು ಬಿಡಿ. ರಾಸಾಯನಿಕ ಗೊಬ್ಬರದ ಪ್ರಮಾಣ ಮಣ್ಣು ಪರೀಕ್ಷೆ ನೋಡಿ ಹಾಕಬೇಕು, ಹೊತ್ತು ಮಾತ್ರ ಎಲ್ಲರಿಗೂ ಒಂದೇ: ರಂಜಕವೆಲ್ಲ ಸವರಿದಾಗ, ಸಾರಜನಕ ಅರ್ಧ ಆಗ, ಉಳಿದರ್ಧ ಕಾಯಿ ಕಂಡಾಗ, ಪೊಟ್ಯಾಷ್‌ನ ದೊಡ್ಡ ಪಾಲು ಕಾಯಿ ದಪ್ಪವಾಗುವಾಗ. ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ಯೂರಿಯಾ ಕೊಟ್ಟರೆ ಸಪ್ಪೆ ಹಣ್ಣು, ಬೇಗ ಕೊಳೆಯುವ ಹಣ್ಣು.

ಕಾಯಿ ಗೋಲಿ ಗಾತ್ರಕ್ಕೆ ಬಂದು ವಾರಗಟ್ಟಲೆ ಹಾಗೇ ನಿಂತಿದೆ. ಏನೋ ಕೊರತೆಯೇ?

ಕೊರತೆಯಲ್ಲ, ಅಂಜೂರದ ಸ್ವಭಾವ. ಮೊದಲು ಸರಸರ ಬೆಳೆಯುತ್ತದೆ, ಆಮೇಲೆ ಒಂದು ತಿಂಗಳಿಗೂ ಮಿಕ್ಕಿ ನಿಂತಂತೆ ಕಾಣುತ್ತದೆ, ಕೊನೆಯ ಎರಡು ವಾರದಲ್ಲಿ ದಿಢೀರನೆ ಉಬ್ಬಿ ಹಣ್ಣಾಗುತ್ತದೆ. ನಿಂತಿದೆಯೆಂದು ಗಾಬರಿಯಾಗಿ ಗೊಬ್ಬರ, ಟಾನಿಕ್ ಸುರಿಯುವವರು ಸುಮ್ಮನೆ ದುಡ್ಡು ಕಳೆಯುತ್ತಾರೆ. ಈ ಹೊತ್ತಿನಲ್ಲಿ ಬೇಕಾದ್ದು ಎಲೆ ಉಳಿಸಿಕೊಳ್ಳುವುದು ಮತ್ತು ನೀರು ಒಂದೇ ಸಮನಾಗಿರುವುದು.

ನಿಜವಾಗಿಯೂ ಕಾಯಿ ಉದುರುತ್ತಿದ್ದರೆ ಬೇರೆ ಮಾತು. ನೀರಿನ ಏರುಪೇರು, ತುಕ್ಕಿನಿಂದ ಎಲೆ ಹೋಗಿರುವುದು, ಜಂತುಹುಳುವಿನಿಂದಾದ ಬೇರಿನ ಗಂಟು, ಇಲ್ಲವೇ ಸ್ಮಿರ್ನಾ ಗಿಡ. ಈ ನಾಲ್ಕರಲ್ಲಿ ಹುಡುಕಿ. ನೆಟ್ಟ ಮೊದಲ ವರ್ಷದ ಗಿಡ ಉದುರಿಸಿದರೆ ಚಿಂತೆಯಿಲ್ಲ, ಆ ಕಾಯಿಗಳನ್ನು ನೀವೇ ಕೀಳುವುದು ಇನ್ನೂ ಒಳ್ಳೆಯದು.

ಹಣ್ಣು ಬಿರಿಯುತ್ತದೆ. ನೀರು ಹೇಗೆ ಕೊಡಬೇಕು?

ಒಣಗಿಸಿ ಒಮ್ಮೆಗೇ ಕುಡಿಸಿದರೆ ತಿರುಳು ಉಬ್ಬುವ ವೇಗಕ್ಕೆ ಸಿಪ್ಪೆ ಹಿಗ್ಗದೆ ಬಿರಿಯುತ್ತದೆ. ಹನಿ ನೀರಾವರಿಯಲ್ಲಿ ದೊಡ್ಡ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ 15–20 ಲೀಟರ್ ಕೊಡಿ, ಹಣ್ಣು ಬಣ್ಣಕ್ಕೆ ತಿರುಗಿದಾಗ ಕಾಲು ಭಾಗ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಬುಡಕ್ಕೆ ನಾಲ್ಕು ಇಂಚು ಒಣಹುಲ್ಲು ಅಥವಾ ಕಬ್ಬಿನ ರವದಿಯ ಹೊದಿಕೆ ಹಾಕಿದರೆ ಬಿರಿಯುವುದು ಬಹುಪಾಲು ತಗ್ಗುತ್ತದೆ. ಹೊದಿಕೆ ಕಾಂಡಕ್ಕೆ ತಾಕದಿರಲಿ.

ಎಲೆಯ ಹಿಂಬದಿ ಕಂದು ಪುಡಿ, ಆಮೇಲೆ ಎಲೆಯೆಲ್ಲ ಉದುರಿತು.

ತುಕ್ಕು ರೋಗ, ಅಂಜೂರದ ಮೊದಲ ಶತ್ರು. ಮೋಡ, ಇಬ್ಬನಿ, ಜಿಟಿಜಿಟಿ ಮಳೆಯಲ್ಲಿ ಹಬ್ಬುತ್ತದೆ. ಎಲೆ ಹೋದ ಗಿಡದ ಹಣ್ಣಿಗೆ ಸಿಹಿ ಎಲ್ಲಿಂದ ಬರಬೇಕು? ಪುಡಿ ಕಂಡಮೇಲೆ ಹೊಡೆಯುವುದಕ್ಕಿಂತ ಚಿಗುರು ನಾಲ್ಕೈದು ಎಲೆ ಬಂದಾಗಲೇ ಮ್ಯಾಂಕೋಜೆಬ್ ಅಥವಾ ಕ್ಲೋರೋಥಲೋನಿಲ್ ಲೀಟರಿಗೆ 2 ಗ್ರಾಂ ಬೆರೆಸಿ, ಎಲೆಯ ಹಿಂಬದಿ ನೆನೆಯುವಂತೆ ಹೊಡೆಯಿರಿ. ಮೋಡ ಕವಿದಿದ್ದರೆ 15 ದಿನಕ್ಕೊಮ್ಮೆ. ಡಬ್ಬಿಯ ಚೀಟಿಯಲ್ಲಿ ಬರೆದ ಕಾಯುವ ದಿನ ಕಳೆಯದೆ ಹಣ್ಣು ಕೊಯ್ಯಬೇಡಿ, ಅಂಜೂರವನ್ನು ಸಿಪ್ಪೆ ಸಮೇತ ತಿನ್ನುತ್ತಾರೆ. ಕರಾವಳಿ, ಮಲೆನಾಡಿನಲ್ಲಿ ಬಯಲಲ್ಲಿ ಬೆಳೆಯಲು ಹೋಗಿ ಸೋಲುವುದು ಈ ರೋಗಕ್ಕೇ. ಅಲ್ಲಿ ಕುಂಡದಲ್ಲಿಟ್ಟು ಮಳೆಗಾಲದಲ್ಲಿ ಮಾಡಿನಡಿ ಸರಿಸಿಕೊಳ್ಳುವುದೊಂದೇ ದಾರಿ.

ಕಾಂಡದಲ್ಲಿ ತೂತು, ಕೆಳಗೆ ಮರದ ಹುಡಿ ಬಿದ್ದಿದೆ.

ಕಾಂಡ ಕೊರಕ, ಉದ್ದ ಮೀಸೆಯ ದುಂಬಿಯ ಮರಿ. ಸೈಕಲ್ ಬ್ರೇಕ್ ತಂತಿಯಂಥದ್ದನ್ನು ತೂತಿನೊಳಗೆ ತೂರಿಸಿ ಹುಳವನ್ನು ಕುಕ್ಕಿ. ಸಿಗದಿದ್ದರೆ ಪೆಟ್ರೋಲಿನಲ್ಲಿ ನೆನೆಸಿದ ಹತ್ತಿ ತುರುಕಿ ಜೇಡಿಮಣ್ಣಿನಿಂದ ಮುಚ್ಚಿ. ನಾಲ್ಕು ದಿನದ ಮೇಲೆ ಹೊಸ ಹುಡಿ ಬಿದ್ದರೆ ಮತ್ತೆ ಮಾಡಬೇಕು. ಮುಂಗಾರಿನ ಹೊತ್ತಿಗೆ ಬುಡದಿಂದ ಮೂರಡಿವರೆಗೆ ಬೋರ್ಡೋ ಮುಲಾಮು ಬಳಿದಿಡಿ.

ನೀರು, ಗೊಬ್ಬರ ಎಲ್ಲ ಕೊಟ್ಟರೂ ಗಿಡ ಸೊರಗುತ್ತಿದೆ.

ಒಂದು ಹಿಡಿ ಸಣ್ಣ ಬೇರು ಕಿತ್ತು ತೊಳೆದು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಟೊಮೆಟೊ, ಬದನೆ, ಬೆಂಡೆ ಇದೇ ಹುಳುವನ್ನು ಸಾಕುವ ಬೆಳೆಗಳು, ಅಂಜೂರದ ಸಾಲಿನ ನಡುವೆ ಅವು ಬೇಡ. ಚೆಂಡು ಹೂ ಹಾಕಿ. ಬೇವಿನ ಹಿಂಡಿಗೆ ಟ್ರೈಕೋಡರ್ಮಾ ಮತ್ತು ಪೆಸಿಲೋಮೈಸಿಸ್ ಎಂಬ ಉಪಕಾರಿ ಶಿಲೀಂಧ್ರಗಳನ್ನು ಬೆರೆಸಿ ಎರಡು ವಾರ ತೇವದಲ್ಲಿಟ್ಟು ಬುಡಕ್ಕೆ ಕೊಡುವುದು ಸುಲಭ ಮತ್ತು ಅಗ್ಗ. ಗಂಟು ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿರುತ್ತದೆ.

ಕುಂಡದಲ್ಲಿ ಹಣ್ಣು ಬರುತ್ತದೆಯೇ?

ಚೆನ್ನಾಗಿಯೇ ಬರುತ್ತದೆ. 20 ಲೀಟರ್ ಡಬ್ಬದಲ್ಲಿ ಶುರುಮಾಡಿ ಎರಡನೇ ವರ್ಷ 50–60 ಲೀಟರ್ ಡ್ರಮ್ಮಿಗೆ ಬದಲಿಸಿ. 6–8 ಚಿಗುರಷ್ಟೇ ಉಳಿಸಿ. ಮೂರು ವರ್ಷಕ್ಕೊಮ್ಮೆ ಸವರುವಾಗ ಗಿಡ ಹೊರತೆಗೆದು ಸುತ್ತಲಿನ ಬೇರು ಎರಡು ಇಂಚು ಕತ್ತರಿಸಿ ಹೊಸ ಮಣ್ಣು ತುಂಬಬೇಕು.

ಹಣ್ಣು ಕೊಯ್ಯಲು ಸರಿಯಾದ ಹೊತ್ತು ಯಾವುದು?

ಕುತ್ತಿಗೆ ಬಾಗಿ ಹಣ್ಣು ಜೋತುಬಿದ್ದಿರಬೇಕು, ಒತ್ತಿದರೆ ಮೆತ್ತಗಿರಬೇಕು, ತೊಟ್ಟು ಮುರಿದಾಗ ಬಿಳಿ ಹಾಲು ಬರಬಾರದು. ಗಟ್ಟಿಯಿದ್ದಾಗ ಕಿತ್ತರೆ ಬುಟ್ಟಿಯಲ್ಲಿ ಮೆತ್ತಗಾದರೂ ಸಿಹಿ ಬರುವುದಿಲ್ಲ. ದೂರದ ಮಾರುಕಟ್ಟೆಗೆ ಕಳಿಸುವವರು ಬಣ್ಣ ತಿರುಗಿ ತುಸು ಬಿಗಿಯಿರುವಾಗ ಕೊಯ್ಯುವುದು ಅನಿವಾರ್ಯ. ಬೆಳಗಿನ ತಂಪಿನಲ್ಲಿ, ತೊಟ್ಟು ಸಮೇತ ತಿರುವಿ ಕಿತ್ತು, ಒಂದೇ ಪದರದಲ್ಲಿ ಜೋಡಿಸಿ. ಹೊರಗಿಟ್ಟರೆ ಒಂದೆರಡು ದಿನ, ಫ್ರಿಜ್ಜಿನಲ್ಲಿ ಐದಾರು ದಿನ. ಬಿರಿದ, ಬಿದ್ದ ಹಣ್ಣನ್ನು ದಿನವೂ ಆರಿಸಿ ಹೂಳದಿದ್ದರೆ ಹುಳಿವಾಸನೆಗೆ ನೊಣ ಕೂಡಿ ಮೇಲಿರುವ ಹಣ್ಣಿನ ಕಣ್ಣಿನೊಳಗೂ ನುಗ್ಗುತ್ತವೆ. ಪಿಕಳಾರ, ಅಳಿಲು, ಬಾವಲಿಗೆ ಬಲೆಯೊಂದೇ ಮದ್ದು.

ಹಣ್ಣಿನ ಕಣ್ಣಿಗೆ ಎಣ್ಣೆ ಹಚ್ಚಿದರೆ ಬೇಗ ಹಣ್ಣಾಗುತ್ತದಂತೆ, ನಿಜವೇ?

ನಿಜ, ಮೆಡಿಟರೇನಿಯನ್ ಸೀಮೆಯ ಹಳೆಯ ಪದ್ಧತಿ. ಮೇಲೆ ಹೇಳಿದ ‘ನಿಂತಿರುವ’ ಹಂತದ ಕೊನೆಗೆ, ಒಂದು ಕಾಯಿ ಕುಯ್ದು ನೋಡಿದಾಗ ಒಳಗೆ ಗುಲಾಬಿ ಬಣ್ಣ ಹತ್ತಿದ್ದರೆ, ಹತ್ತಿ ಸುತ್ತಿದ ಕಡ್ಡಿಯಿಂದ ಅಡುಗೆ ಎಣ್ಣೆಯನ್ನು ತಳದ ಕಣ್ಣಿಗೆ ಒಂದು ಹನಿ ತಾಗಿಸಿ. ಕಾಯಿಯಲ್ಲಿ ಎಥಿಲೀನ್ ಎಂಬ ಹಣ್ಣಾಗಿಸುವ ಅನಿಲ ಹುಟ್ಟಿ ವಾರದೊಳಗೆ ಹಣ್ಣಾಗುತ್ತದೆ. ಬೇಗ ಹಚ್ಚಿದರೆ ಉದುರುತ್ತದೆ ಅಥವಾ ಸಪ್ಪೆಯಾಗುತ್ತದೆ. ಮನೆಯ ಹತ್ತು ಹಣ್ಣಿಗೆ ಸರಿ, ತೋಟಕ್ಕೆ ಆಳಿನ ಕೂಲಿ ಹುಟ್ಟದು.

ಮನೆಯಲ್ಲಿ ಒಣಗಿಸಬಹುದೇ?

ಡಯಾನಾದಂಥ ತಿರುಳು ತುಂಬಿದ ತಳಿಯಾದರೆ ಬರುತ್ತದೆ. ಹಣ್ಣನ್ನು ಗಿಡದಲ್ಲೇ ಸುಕ್ಕು ಬರುವವರೆಗೆ ಬಿಟ್ಟು, ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಜಾಲರಿಯ ಮೇಲೆ ಸೊಳ್ಳೆಪರದೆ ಮುಚ್ಚಿ ಬಿಸಿಲಿಗಿಡಿ. ರಾತ್ರಿ ಒಳಗಿಡುವುದು ಮರೆಯಬೇಡಿ, ಇಬ್ಬನಿ ಬಿದ್ದರೆ ಬೂಸ್ಟು ಹತ್ತುತ್ತದೆ. ಎರಡನೇ ಮೂರನೇ ದಿನ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ ಮಗುಚಿ ಹಾಕಿ. ಬೇಸಿಗೆಯ ಬಿಸಿಲಿನಲ್ಲಿ ಒಂದು ವಾರ, ಸೋಲಾರ್ ಡ್ರೈಯರ್‌ನಲ್ಲಿ ಎರಡು ಮೂರು ದಿನ. ಸೀಳಿ ಹಿಂಡಿದರೆ ರಸ ಬರಬಾರದು, ಮಡಿಸಿದರೆ ಮುರಿಯಬಾರದು. 3ರಿಂದ 4 ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣಹಣ್ಣು ಸಿಗುತ್ತದೆ. ಗಾಳಿಯಾಡದ ಡಬ್ಬಿಗೆ ತುಂಬಿ ಮೊದಲ ವಾರ ದಿನವೂ ಮುಚ್ಚಳ ತೆಗೆದು ನೋಡಿ. ಒಳಗೆ ಬೆವರಿದ್ದರೆ ಇನ್ನೊಂದು ದಿನ ಬಿಸಿಲಿಗೆ ಹಾಕಬೇಕು.